ಹಳೇ ಆಕ್ಟೇವಿಯಾ ಆರ್‌ಎಸ್‌ಗೆ ದಿನಾ ಓಡಿಸೋವಂಥ ಕ್ಲಚ್ ಹಾಕೋದು ಹ್ಯಾಂಗ

ಬೆಳಗಾವಿ ಹತ್ರದ ವಂಟಮುರಿ ಘಾಟ್ ಹತ್ತೋವಾಗ ನಾಲ್ಕನೇ ಗೇರಿನ್ಯಾಗ ಆಕ್ಸಿಲರೇಟರ್ ಪೂರ್ತಿ ಒತ್ತಿದ್ರ ಆರ್‌ಪಿಎಂ ಮುಳ್ಳು 2500ರಿಂದ ಒಮ್ಮೆಲೆ 3500ಕ್ಕ ಜಿಗೀತೈತಿ, ಸ್ಪೀಡ್ ಮಾತ್ರ ಇದ್ದಲ್ಲೇ ಇರ್ತೈತಿ, ಆಮ್ಯಾಲ ಎಸಿ ಒಳಗಿಂದ ಸುಟ್ಟ ವಾಸನಿ ಬರ್ತೈತಿ. ನಂ ಗಾಡಿ ನನಗ ಹಿಂಗ ಹೇಳ್ತು ಕ್ಲಚ್ ಹೋಗೈತಿ ಅಂತ. 2004ರ ಹೊತ್ತಿಗೆ ನಮ್ಮ ದೇಶಕ್ಕ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ನಂದು, 1.8 ಟರ್ಬೊ ಪೆಟ್ರೋಲ್, 20 ವಾಲ್ವ್. ಯುರೋಪಿನ್ಯಾಗ ಇದ 180 ಪಿಎಸ್ ಇತ್ತು, ನಮಗ ಬಂದಿದ್ದು 150 ಪಿಎಸ್, 210 ನ್ಯೂಟನ್ ಮೀಟರ್ ಟಾರ್ಕ್, 5 ಗೇರು. ಕಂಪನಿ ಹಾಕಿದ ಕ್ಲಚ್ ಆ 210ಕ್ಕ ಸಾಕಾಗ್ತೈತಿ, ಆದ್ರ ಈ ಗಾಡಿ ಇಟ್ಟವ್ರು ಯಾರೂ ರೀಮ್ಯಾಪ್ (ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿ ಮಾಡಿ ಜೋರು ಹೆಚ್ಚಿಸೋದು) ಮಾಡಿಸದ ಬಿಡಂಗಿಲ್ಲ, ರೀಮ್ಯಾಪ್ ಆದಮ್ಯಾಲ ಟಾರ್ಕ್ 280ರ ಆಜೂಬಾಜು ಹೋಗ್ತೈತಿ, ಅದೂ ಕೆಳಗಿನ ಆರ್‌ಪಿಎಂನ್ಯಾಗ, ಹಳೇ ಕ್ಲಚ್ ಅಲ್ಲೇ ಕೈ ಎತ್ತತೈತಿ.

ನಂ ಗಾಡಿ ಗೇರ್‌ಬಾಕ್ಸ್ ಎರಡ ಸಲ ಇಳದೈತಿ. ಮೊದಲ್ನೇ ಸಲದ್ದು ತಪ್ಪು ಕ್ಲಚ್, ಎರಡನೇದು ಚಲೋ ಕ್ಲಚ್. ನಿಮ್ಮದು ಬ್ಯಾರೇ ಹಳೇ ಗಾಡಿ ಇದ್ರೂ ಬೋಲ್ಟಿನ ಅಳತಿ ಬ್ಯಾರೇ ಇರ್ತಾವು ಅಷ್ಟ, ಲೆಕ್ಕ ಒಂದ.

ರೊಕ್ಕ ಹಾಕೋಕಿಂತ ಮೊದ್ಲ ಕ್ಲಚ್ಚೇ ಹೋಗೈತೇನು ಅಂತ ನೋಡ್ಕೋರಿ, ಯಾಕಂದ್ರ ಕ್ಲಚ್ ಹೆಸರ ಮ್ಯಾಲ ಬ್ಯಾರೇ ಭಾಳ ಬ್ಯಾನಿ ಬರ್ತಾವು. ಮ್ಯಾಲ ಹೇಳಿದಂಗ ಆರ್‌ಪಿಎಂ ಜಿಗಿದ್ರ ಅದು ಸ್ಲಿಪ್ (ಕ್ಲಚ್ ಹಿಡೀದ ಜಾರೂದು), ಅದು ಇಂಜಿನ್ನಿನ ಜೋರು ಗೇರ್‌ಬಾಕ್ಸಿಗೆ ದಾಟಿಸೋ ಕ್ಲಚ್ ಪ್ಲೇಟಿಂದ. ಇಂಜಿನ್ ಚಾಲೂ ಇದ್ದಾಗ ರಿವರ್ಸ್ ಹಾಕಿದ್ರ ಕರ್ರ್ ಅಂತೈತಿ, ಬಂದ್ ಮಾಡಿದ್ರ ಸುಮ್ಮನ ಬೀಳ್ತೈತಿ ಅಂದ್ರ ಕ್ಲಚ್ ಪೂರ್ತಿ ಬಿಡವಲ್ದು, ಅದು ಬಹುಶಃ ಹೈಡ್ರಾಲಿಕ್ ಲೈನಿನ್ಯಾಗ ಗಾಳಿ ಇರ್ಬೇಕು ಇಲ್ಲಾ ಪೆಡಲ್ ಒತ್ತಿದಾಗ ಎಣ್ಣಿ ದೂಡೋ ಮಾಸ್ಟರ್ ಸಿಲಿಂಡರ್ ಸೋರ್ತಿರ್ಬೇಕು, ಪೆಡಲಿನ ಹಿಂದ ಕೈ ಹಾಕಿ ನೋಡ್ರಿ ಎಣ್ಣಿ ಹತ್ತಿದ್ರ ಗ್ಯಾರಂಟಿ. ಪೆಡಲ್ ಒತ್ತಿದಾಗ ಸಪ್ಪಳ ಬಂದ್ರ ಕ್ಲಚ್ ಬಿಡಿಸೋ ರಿಲೀಸ್ ಬೇರಿಂಗ್. ಪೆಡಲ್ ಬಿಟ್ಟಾಗ ನ್ಯೂಟ್ರಲ್‌ನ್ಯಾಗ ಗರಗರ ಅಂದು ಒತ್ತಿದ ಕೂಡ್ಲೇ ನಿಂತ್ರ ಅದು ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗ್ ಇರಬಹುದು, ಅದಕ್ಕ ಎಷ್ಟ ದುಬಾರಿ ಕ್ಲಚ್ ಹಾಕಿದ್ರೂ ಸಪ್ಪಳ ಹೋಗಂಗಿಲ್ಲ. ಇಂಜಿನ್ ಬಂದ್ ಮಾಡೋವಾಗ ಡಬ್ಬಿಯೊಳಗ ಕಲ್ಲು ಅಲುಗಾಡಿಸಿದಂಗ ಬಡಿದ್ರ ಡ್ಯುಯಲ್ ಮಾಸ್ ಫ್ಲೈವೀಲ್ (ಇಂಜಿನ್ನಿಗೆ ಕೂಡೋ ಎರಡ ಭಾಗದ ತೂಕದ ಗಾಲಿ) ಮುಗದೈತಿ ಅಂತ ತಿಳ್ಕೋರಿ. ನಿಂತ ಗಾಡಿ ಮುಂದ ಬಿಡೋವಾಗ ಗಡಗಡ ನಡುಗಿದ್ರ ಪ್ಲೇಟಿಗೆ ಎಣ್ಣಿ ಹತ್ತಿರ್ತೈತಿ ಇಲ್ಲಾ ಫ್ಲೈವೀಲ್ ಮ್ಯಾಲ ಸುಟ್ಟ ಕಲೆ ಆಗಿರ್ತಾವು, ಇಂಜಿನ್ ಮೌಂಟ್ ರಬ್ಬರ್ ಹರಿದ್ರೂ ಹಿಂಗ ನಡುಗ್ತೈತಿ, ಅದನ್ನೂ ಒಂದ ಸಲ ನೋಡ್ರಿ.

ಈಗ ಯಾವ ಕ್ಲಚ್ ಅನ್ನೋದು. ಎಲ್ಲಾರೂ ದಾರಿ ತಪ್ಪೋದು ಇಲ್ಲೇ, ನಾನೂ ತಪ್ಪಿದ್ದು ಇಲ್ಲೇ, ಅದಕ್ಕ ಜರಾ ಬಿಡಿಸಿ ಹೇಳ್ತೀನಿ. ಕ್ಲಚ್ ಎಷ್ಟ ಟಾರ್ಕ್ ಹಿಡೀತೈತಿ ಅನ್ನೋದು ಮೂರ ಮಾತಿನ ಮ್ಯಾಲ ನಿಂತೈತಿ. ಒಂದು, ಪ್ರೆಶರ್ ಪ್ಲೇಟ್ ಎಷ್ಟ ಜೋರಾಗಿ ಅದುಮತೈತಿ. ಎರಡು, ಪ್ಲೇಟಿನ ಲೈನಿಂಗ್ (ಮುಖದ ಮ್ಯಾಲಿನ ತಿಕ್ಕೋ ಪದರು) ಎಷ್ಟ ಹಿಡತ ಕೊಡ್ತೈತಿ. ಮೂರು, ಪ್ಲೇಟ್ ಎಷ್ಟ ದೊಡ್ಡದೈತಿ. ಬರೇ ಅದುಮೋ ಜೋರು ಹೆಚ್ಚ ಮಾಡಿದ್ರ ಪೆಡಲ್ ಗಟ್ಟಿ ಆಗ್ತೈತಿ, ಟಿಳಕವಾಡಿಯಿಂದ ಗೋಗಟೆ ಸರ್ಕಲ್ ದಾಟಿ ಕ್ಯಾಂಪಿಗೆ ಹೋಗೂದ್ರಾಗ ಎಡಗಾಲ ಮೊಣಕಾಲ್ ಹಿಡ್ಕೋತೈತಿ. ಬರೇ ಲೈನಿಂಗ್ ಬದಲಿ ಮಾಡಿ ಸೆರಾಮಿಕ್ ಪಕ್ (ಬಿಡಿ ಬಿಡಿ ಸಣ್ಣ ಬಿಲ್ಲೆ) ಪ್ಲೇಟ್ ಹಾಕಿದ್ರ ಹಿಡತ ಭಾಳ ಚಲೋ ಬರ್ತೈತಿ, ಆದ್ರ ಅದಕ್ಕ ನಡುವಿನ ಸ್ಥಿತಿ ಗೊತ್ತಿಲ್ಲ, ಒಂದೋ ಬಿಟ್ಟಿರ್ತೈತಿ ಇಲ್ಲಾ ಹಿಡದಿರ್ತೈತಿ. ಪ್ಲೇಟ್ ದೊಡ್ಡದು ಮಾಡಿದ್ರ ಮಾತ್ರ ಇವೆರಡೂ ತ್ರಾಸ ಇಲ್ಲದ ಟಾರ್ಕ್ ಹೆಚ್ಚಾಗ್ತೈತಿ, ಕಾವು ಹಿಡ್ಯಾಕ ಜಾಗಾನೂ ಹೆಚ್ಚ ಸಿಗ್ತೈತಿ.

ನಾ ಮೊದಲ ಸಲ ಆರ ಪಕ್ಕಿನ ಸೆರಾಮಿಕ್ ಪ್ಲೇಟ್ ಹಾಕಿಸಿದೆ. ಟ್ರ್ಯಾಕ್ ಮ್ಯಾಲ ಓಡಿಸೋ ಗೆಳ್ಯಾ ಒಬ್ಬಾವ ಹೇಳಿದ್ದ, ಅವನ ಗಾಡಿಗೆ ಅದು ಸರೀನೇ ಇತ್ತು. ನನಗ ಏನಾತು ಅಂದ್ರ ರೈಲ್ವೆ ಗೇಟ್ ತೆಗದ ಮ್ಯಾಲ ಮುಂದಿನ ಗಾಡಿ ಒಂದ ಮಾರ ಸರದ್ರ ನಾನೂ ಒಂದ ಮಾರ ಸರೀಬೇಕಲ್ರಿ, ಆ ಒಂದ ಮಾರ ಸರಿಯೂದ್ರಾಗ ಗಾಡಿ ಎರಡ ಸಲ ಜಿಗೀತಿತ್ತು. ಹಿಂದಿನ ಸೀಟಿನ್ಯಾಗ ಕುಂತ ಅವ್ವ ಮುಂದಿನ ಸೀಟ್ ಗಟ್ಟಿ ಹಿಡ್ಕೊಂಡು "ಯಪ್ಪಾ, ಸಾವಕಾಶ ಬಿಡೋ" ಅಂತಿದ್ಳು, ನಾ ಸಾವಕಾಶನ ಬಿಡ್ತಿದ್ದೆ. ಅಕಿಗೆ ಬೆನ್ನಿನ ಬ್ಯಾನಿ ಐತಿ, ಎರಡ ತಿಂಗಳಾದಮ್ಯಾಲ ಆ ಗಾಡ್ಯಾಗ ಬರೂದ ಬಿಟ್ಳು. ಆವತ್ತ ನಿರ್ಧಾರ ಮಾಡಿದೆ, ಮನಿಮಂದಿ ಕುಂಡ್ರಲಾರದ ಗಾಡಿ ನನಗ ಬ್ಯಾಡ ಅಂತ.

ಅದಕ್ಕ ದಿನಾ ಓಡಿಸೋ ಗಾಡಿಗೆ ನನ್ನ ಮಾತು ಇಷ್ಟ: ಲೈನಿಂಗ್ ಆರ್ಗ್ಯಾನಿಕ್ (ಸೆರಾಮಿಕ್ ಅಲ್ಲದ ಮೆತ್ತಗ ಹಿಡಿಯೋವಂಥದ್ದು) ಇರಲಿ, ಪ್ಲೇಟ್ ಒಂದ ಸೈಜ್ ದೊಡ್ಡದಿರಲಿ, ಪ್ರೆಶರ್ ಪ್ಲೇಟ್ ಒಂಚೂರ ಮಾತ್ರ ಜೋರಿರಲಿ, ನಿಮ್ಮ ಗಾಡಿ ಖರೇನ ಎಷ್ಟ ಟಾರ್ಕ್ ಕೊಡ್ತೈತಿ ಅದಕ್ಕಿಂತ ನೂರಕ್ಕ 20-25 ಹೆಚ್ಚ ತಡಿಯೋವಂಥದ್ದು ಸಾಕು. 280ರ ಗಾಡಿಗೆ 350ರದ್ದು ಹಾಕ್ರಿ, 500ರದ್ದು ಹಾಕಬ್ಯಾಡ್ರಿ, ಮಾರೋವ ಎಷ್ಟ ಹೇಳಿದ್ರೂ. ನಮ್ಮ 5 ಗೇರಿನ ಬಾಕ್ಸಿಗೆ ಫೋಕ್ಸ್‌ವ್ಯಾಗನ್ ವಿಆರ್6 ಇಂಜಿನ್ನಿನ 228 ಎಂಎಂ ಕ್ಲಚ್ ಕೂಡ್ತೈತಿ, ಜೋಡಿಗೆ ಹಳೇ ಜಿ60 ಇಂಜಿನ್ನಿನ ನಮೂನಿ ಸಿಂಗಲ್ ಮಾಸ್ ಫ್ಲೈವೀಲ್ ಬೇಕು. ಈ ಜೋಡಿ ಜಗತ್ತಿನ ತುಂಬ ಈ ಇಂಜಿನ್ ಇಟ್ಟವ್ರು ವರ್ಷಾನುಗಟ್ಟಲೆ ಹಾಕ್ಕೋತ ಬಂದಾರ, ಪೆಡಲ್ ಕಂಪನಿದಕ್ಕಿಂತ ಸ್ವಲ್ಪ ಗಟ್ಟಿ ಅನಸ್ತೈತಿ, ಒಂದ ವಾರದಾಗ ಕಾಲಿಗೆ ರೂಢಿ ಆಗ್ತೈತಿ.

ಫ್ಲೈವೀಲ್ ಮಾತು ಬಂತು, ಇಲ್ಲಿ ಒಂದ ತಪ್ಪು ಭಾಳ ಮಂದಿ ಮಾಡ್ತಾರ. ಡ್ಯುಯಲ್ ಮಾಸ್ ಫ್ಲೈವೀಲ್ ಅಂದ್ರ ಅದರ ಹೊಟ್ಟಿಯೊಳಗ ಸ್ಪ್ರಿಂಗ್ ಇರ್ತಾವು, ಇಂಜಿನ್ನಿನ ಹೊಡತ ಗೇರ್‌ಬಾಕ್ಸಿಗೆ ಹತ್ತದಂಗ ತಡೀತಾವು, ಅದಕ್ಕ ಅದರ ಜೋಡಿ ಬರೋ ಕ್ಲಚ್ ಪ್ಲೇಟಿನ ನಡುವ ಭಾಳ ಸಲ ಸ್ಪ್ರಿಂಗ್ ಇರಂಗಿಲ್ಲ. ಸಿಂಗಲ್ ಮಾಸ್ ಬರೇ ಗಟ್ಟಿ ಕಬ್ಬಿಣ. ಅದಕ್ಕ ಸ್ಪ್ರಿಂಗ್ ಇಲ್ಲದ ಪ್ಲೇಟ್ ಹಾಕಿದ್ರ ಎಲ್ಲಾ ಹೊಡತ ಸೀದಾ ಗೇರಿನ ಹಲ್ಲಿಗೆ. ಸಿಂಗಲ್ ಮಾಸ್ ಹಾಕಿದ್ರ ಪ್ಲೇಟಿನ ಹಬ್‌ನ್ಯಾಗ ಸ್ಪ್ರಿಂಗ್ ಇರಲೇಬೇಕು, ಡಬ್ಬಿ ತೆಗದು ಕಣ್ಣಿಲೆ ನೋಡೇ ತಗೋರಿ. ಇಷ್ಟಾದ್ರೂ ಸಿಂಗಲ್ ಮಾಸಿನ್ಯಾಗ ನ್ಯೂಟ್ರಲ್‌ನ್ಯಾಗ ನಿಂತಾಗ ಸಣ್ಣ ಗರಗರ ಸಪ್ಪಳ ಬರ್ತೈತಿ, ಪೆಡಲ್ ಒತ್ತಿದ್ರ ನಿಲ್ಲತೈತಿ, ಅದು ಸಹಜ. ಆಮ್ಯಾಲ ಹಗುರ ಫ್ಲೈವೀಲ್ ಮಾರಾವ್ರು ಭಾಳ ಮಂದಿ ಇದ್ದಾರ, ಆರ್‌ಪಿಎಂ ಲಗೂ ಏರ್ತೈತಿ ಖರೆ, ಆದ್ರ ಏಪ್ರಿಲ್ ತಿಂಗಳದಾಗ ಎಸಿ ಹಚ್ಚಿ ಸಿಗ್ನಲ್‌ನ್ಯಾಗ ನಿಂತಾಗ ಐಡಲ್ ಮ್ಯಾಲ ಕೆಳಗ ಆಗ್ತೈತಿ, ಏರಿನ್ಯಾಗ ಗಾಡಿ ಮುಂದ ಬಿಡೋವಾಗ ಬಂದ್ ಬೀಳ್ತೈತಿ. ತೂಕದ ಫ್ಲೈವೀಲ್ ನಿಮ್ಮ ಗೆಳ್ಯಾ ಇದ್ದಂಗ, ಅದರ ಕಡೆ ಇರೋ ಜೋರಿನ ಮ್ಯಾಲನ ಗಾಡಿ ಮೆತ್ತಗ ಎದ್ದು ಬರ್ತೈತಿ.

ಹಳೇ ಸಿಂಗಲ್ ಮಾಸ್ ಫ್ಲೈವೀಲ್ ಸಿಕ್ರ ಅದನ್ನ ಫೇಸಿಂಗ್ (ಮುಖ ಮಷೀನಿಗೆ ಹಾಕಿ ಸಪಾಟ ಮಾಡೋದು) ಮಾಡಿಸ್ಬೇಕು. ಈ ವಿಷಯದಾಗ ಬೆಳಗಾವಿಯವ್ರು ಪುಣ್ಯವಂತ್ರು, ಉದ್ಯಮಬಾಗ್‌ನ್ಯಾಗ ಲೇಥು, ಗ್ರೈಂಡಿಂಗ್ ಮಷೀನು ಎಲ್ಲಾ ಅದಾವು, ಬಾಗಲಕೋಟಿ ವಿಜಾಪುರದ ಗೆಳ್ಯಾರಿಗೆ ನಾ ಇಲ್ಲಿಗೇ ತರ್ರಿ ಅಂತೀನಿ. ನಾ ಹೋದ ವರ್ಕ್‌ಶಾಪಿನ ಹಿರ್ಯಾ ಮಿಸ್ತ್ರಿ ಫ್ಲೈವೀಲ್ ತಿರುವಿ ತಿರುವಿ ನೋಡಿ, ಉಗುರಿಲೆ ಕೆರದು, ನೀಲಿ ಕಲೆ ಮ್ಯಾಲ ಬೆರಳಿಟ್ಟು ಹೇಳಿದ್ರು, "ತಮ್ಮಾ, ಇದು ಕಾದು ಬಿರಸಾಗೈತಿ, ಲೇಥಿಗೆ ಕೊಟ್ರ ಟೂಲ್ ಇಲ್ಲಿ ಹಾರಿ ದಿಬ್ಬ ಉಳೀತೈತಿ, ಗ್ರೈಂಡಿಂಗ್‌ಗೇ ಹಾಕ್ಬೇಕು." ಆ ದಿಬ್ಬ ಕಣ್ಣಿಗೆ ಕಾಣಂಗಿಲ್ರಿ, ಆದ್ರ ಕ್ಲಚ್ ಬಿಡೋವಾಗ ನಡುಕ ಅಲ್ಲಿಂದನ ಬರ್ತೈತಿ. ಬೇಕಾದಷ್ಟೇ ತಗಸ್ರಿ, ಬಿರುಕು ಕಂಡ್ರ ಅದನ್ನ ಗುಜರಿಗೆ ಹಾಕ್ರಿ. ಡ್ಯುಯಲ್ ಮಾಸ್ ಇದ್ರ ಫೇಸಿಂಗ್ ಮಾಡಿಸೋ ಗೋಜಿಗೆ ಹೋಗಬ್ಯಾಡ್ರಿ, ಹೊಸಾದ ಹಾಕ್ರಿ.

ಗೇರ್‌ಬಾಕ್ಸ್ ಇಳಿಸೋಕಿಂತ ಮೊದ್ಲ ಎಲ್ಲಾ ಸಾಮಾನು ಮನಿಗೆ ಬಂದಿರ್ಬೇಕು. ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗು, ಇವು ಕಿಟ್‌ನ್ಯಾಗ ಬರ್ತಾವು. ಕಿಟ್‌ನ್ಯಾಗ ಬರದೇ ಇರೋವ ಮುಖ್ಯ: ರಿಲೀಸ್ ಬೇರಿಂಗ್ ದೂಡೋ ರಿಲೀಸ್ ಫೋರ್ಕು, ಬೇರಿಂಗ್ ಓಡಾಡೋ ಗೈಡ್ ಸ್ಲೀವು, ಫೋರ್ಕ್ ಕೂಡೋ ಗುಂಡನೇ ಪಿವಟ್ಟು, ಅದರ ಕ್ಲಿಪ್ಪು, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲು, ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟಿನ ಸೀಲು, ಫ್ಲೈವೀಲಿನ ಹೊಸಾ ಬೋಲ್ಟು, ಡಾಟ್ 4 ಬ್ರೇಕ್ ಎಣ್ಣಿ ಒಂದ ಲೀಟರ್, 75ಡಬ್ಲ್ಯೂ-90 ಜಿಎಲ್-4 ಗೇರ್ ಎಣ್ಣಿ 2 ಲೀಟರ್. ಡ್ಯುಯಲ್ ಮಾಸಿನ ಬೋಲ್ಟಿನ ಉದ್ದ ಸಿಂಗಲ್ ಮಾಸಿಗೆ ನಡಿಯಂಗಿಲ್ಲ, ಫ್ಲೈವೀಲ್ ಬದಲಿ ಮಾಡಿದ್ರ ಅದಕ್ಕ ತಕ್ಕ ಬೋಲ್ಟ್ ಕೇಳಿ ತಗೋರಿ.

ಫೋರ್ಕಿನ ಬಗ್ಗೆ ಇಷ್ಟ ಒತ್ತಿ ಯಾಕ ಹೇಳಾತೀನಿ ಅಂದ್ರ ಮೊದಲ್ನೇ ಸಲ ಕ್ಲಚ್ ಹಾಕಿದ ಗ್ಯಾರೇಜಿನವ್ರು ಹಳೇ ಫೋರ್ಕು, ಹಳೇ ಸ್ಲೀವು ಒರಿಸಿ ಹಂಗ ವಾಪಸ್ ಹಾಕಿದ್ರು, "ಚಲೋನ ಐತ್ರಿ ಸಾಹೇಬ್ರ" ಅಂದ್ರು. ಐದ ತಿಂಗಳಾದ ಮ್ಯಾಲ, ಜುಲೈ ತಿಂಗಳು, ಚೋರ್ಲಾ ಘಾಟಿನ್ಯಾಗ ಮಳಿ ಅಂದ್ರ ಮಳಿ, ಮಂಜಿನ್ಯಾಗ ಮುಂದ ಏನೂ ಕಾಣವಲ್ದು, ತಿರುವಿನ್ಯಾಗ ಎರಡನೇ ಗೇರಿಗೆ ಇಳಸಾಕ ಪೆಡಲ್ ಒತ್ತಿದೆ, ಟಕ್ ಅಂತ ಒಂದ ಸಪ್ಪಳ ಬಂತು, ಪೆಡಲ್ ಸೀದಾ ಕೆಳಗ ಮಲಗಿತು. ಟೋ ಮಾಡ್ಕೊಂಡು ಬೆಳಗಾವಿಗೆ ತಂದು ಬಿಚ್ಚಿದ್ರ ಪಿವಟ್ ಗುಂಡು ಫೋರ್ಕನ್ನ ತೂತ ಮಾಡಿ ಆಚೆಕಡೆ ಬಂದಿತ್ತು. ತಗಡಿನ ಫೋರ್ಕು, ಇಷ್ಟ ವರ್ಷ ಅದ ಜಾಗಾದಾಗ ತಿಕ್ಕಿ ತಿಕ್ಕಿ ಕಾಗದದಂಗ ಆಗಿತ್ತು, ಜೋಡಿಗೆ ಗಟ್ಟಿ ಪ್ರೆಶರ್ ಪ್ಲೇಟ್ ಬ್ಯಾರೆ. ಎಲ್ಲಾ ಸಾಮಾನಿನ್ಯಾಗ ಸೋವಿ ಅದ, ಅದು ಮುರದ್ರ ಕೂಲಿ ಪೂರ್ತಿ ಎರಡನೇ ಸಲ ಕೊಡ್ಬೇಕು. ಗ್ಯಾರೇಜಿಗೆ ಗಾಡಿ ಕೊಟ್ರೂ ಈ ಸಾಮಾನು ನೀವ ತಂದು ಕೈಯಾಗ ಇಡ್ರಿ, ಹಳೇವು ವಾಪಸ್ ಕೇಳಿ ಇಸ್ಕೋರಿ.

ಇನ್ನ ಬಿಚ್ಚೋದು. ಒಬ್ಬರ ಕೆಲಸ ಅಲ್ರಿ ಇದು, ಇಬ್ಬರು ಬೇಕು, ಪೂರ್ತಿ ಒಂದ ದಿನ ಹಿಡೀರಿ, ಮೊದಲ್ನೇ ಸಲ ಇದ್ರ ಎರಡ ದಿನ. ಬ್ಯಾಟರಿ ನೆಗೆಟಿವ್ ತಗದು, ಬ್ಯಾಟರಿ, ಅದರ ಟ್ರೇ, ಏರ್ ಫಿಲ್ಟರ್ ಡಬ್ಬಿ ಎಲ್ಲಾ ಹೊರಗ ಇಡ್ರಿ, ಜಾಗಾ ಆಗ್ತೈತಿ. ಗೇರ್ ಕೇಬಲ್ ಬಿಚ್ಚೋಕಿಂತ ಮೊದ್ಲ ಪೇಂಟಿಲೆ ಗುರುತ ಮಾಡ್ರಿ, ಫೋಟೋನೂ ತಗೀರಿ. ಗೇರ್‌ಬಾಕ್ಸ್ ಕಡೆ ಫೋರ್ಕು ದೂಡೋ ಸ್ಲೇವ್ ಸಿಲಿಂಡರಿನ ಬೋಲ್ಟ್ ತಗದು ಪೈಪ್ ಬಿಚ್ಚದ ಹಂಗ ಪಕ್ಕಕ್ಕ ತಂತಿಲೆ ಕಟ್ರಿ, ಮನಿಯಾಗ ಎಲ್ಲಾರಿಗೂ ಹೇಳಿ ಇಡ್ರಿ ಯಾರೂ ಕ್ಲಚ್ ಪೆಡಲ್ ಒತ್ತಬಾರ್ದು ಅಂತ, ಒತ್ತಿದ್ರ ಪಿಸ್ಟನ್ ಹೊರಗ ಜಿಗೀತೈತಿ. ಸ್ಟಾರ್ಟರ್ ಮೋಟಾರ್ ತಗೀರಿ. ಡ್ರೈವ್ ಶಾಫ್ಟಿನ ಬೋಲ್ಟಿಗೆ ಹನ್ನೆರಡ ಮೂಲಿ ಬಿಟ್ ಬೇಕು, ಅಲೆನ್ ಕೀ ಇಲ್ಲಾ ಸ್ಟಾರ್ ಬಿಟ್ ಬಡದು ಕೂಡಿಸಿದ್ರ ತಲಿ ಸವದು ಹೋಗ್ತಾವು, ಆಮ್ಯಾಲ ವೆಲ್ಡಿಂಗ್ ಹಚ್ಚಿ ತಗೀಬೇಕಾಗ್ತೈತಿ. ನಮ್ಮ ಕಡೆ ಕೆಂಪ ಮಣ್ಣು ಆ ಬೋಲ್ಟಿನ ತೂತಿನ್ಯಾಗ ಕಲ್ಲಿನಂಗ ಕುಂತಿರ್ತೈತಿ, ಸೂಜಿಯಿಂದ ಕೆರದು, ಬ್ರೇಕ್ ಕ್ಲೀನರ್ ಹೊಡದು, ಬಿಟ್ ತಳಕ್ಕ ಮುಟ್ಟೈತಿ ಅಂತ ಖಾತ್ರಿ ಮಾಡ್ಕೊಂಡ ಮ್ಯಾಲನ ಜೋರ ಹಾಕ್ರಿ.

ಗೇರ್‌ಬಾಕ್ಸ್ ಕಡಿ ಮೌಂಟ್ ತೆಗದ್ರ ಇಂಜಿನ್ ಜೋತ ಬೀಳ್ತೈತಿ, ಅದಕ್ಕ ಮ್ಯಾಲಿಂದ ಸಪೋರ್ಟ್ ಬಾರ್ ಹಾಕಿ ಸರಪಳಿಲೆ ಹಿಡೀರಿ. ಆಯಿಲ್ ಸಂಪಿನ (ಇಂಜಿನ್ ತಳದ ಎಣ್ಣಿ ಡಬ್ಬಿ) ಕೆಳಗ ಬರೇ ಜಾಕ್ ಕೊಟ್ಟು ಎತ್ತಬ್ಯಾಡ್ರಿ, ಅಲ್ಯೂಮಿನಿಯಂ ಸಂಪು, ಸೀಳತೈತಿ. ಗಾಡಿ ಕೆಳಗ ಹೋಗೋಕಿಂತ ಮೊದ್ಲ ಸ್ಟ್ಯಾಂಡ್ ಮ್ಯಾಲ ಐತಿಲ್ಲೋ ನೋಡ್ರಿ, ಬರೇ ಜಾಕಿನ ಮ್ಯಾಲ ನಂಬಿಗಿ ಇಟ್ಟು ಯಾರೂ ಕೆಳಗ ಹೋಗಬ್ಯಾಡ್ರಿ. ಎಲ್ಲಾ ಬೋಲ್ಟ್ ತಗದ ಮ್ಯಾಲ ಗೇರ್‌ಬಾಕ್ಸ್ ಇಂಜಿನ್ನಿನಿಂದ ಸೀದಾ ಆಚೆ ಎಳೀರಿ, ಅರ್ಧ ಬಂದಾಗ ಅದನ್ನ ಶಾಫ್ಟಿನ ಮ್ಯಾಲ ಜೋತ ಬಿಡಬ್ಯಾಡ್ರಿ.

ಬಿಚ್ಚಿದ ಮ್ಯಾಲ ಹಳೇ ಪ್ಲೇಟ್ ಒಗೀಬ್ಯಾಡ್ರಿ, ಮೊದ್ಲ ಓದ್ರಿ. ಎಣ್ಣಿ ಹತ್ತಿ ಕಪ್ಪಾಗಿದ್ರ ಸೀಲ್ ಸೋರ್ತೈತಿ ಅಂತ ಅರ್ಥ, ಒಂದ ಕಡೆ ಹೆಚ್ಚ ಒಂದ ಕಡೆ ಕಡಿಮಿ ಸವದಿದ್ರ ಫೋರ್ಕು ಇಲ್ಲಾ ಗೇರ್‌ಬಾಕ್ಸ್ ಸೊಟ್ಟ ಕುಂತಿತ್ತು. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವ ಎರಡ ಸಣ್ಣ ಡೋವೆಲ್ ಬುಶ್ ಇರ್ತಾವು, ಬೋಲ್ಟಿನ ತೂತಿನ ಸುತ್ತ ಉಂಗುರದಂಗ. ಹಳೇ ಗಾಡಿಗಳಾಗ ಹತ್ತ ಕೈ ಬದಲಾಗಿ ಒಂದಾದ್ರೂ ಕಳದಿರ್ತೈತಿ, ಅದು ಇಲ್ಲಾಂದ್ರ ಶಾಫ್ಟ್ ನಡುವಕ್ಕ ಕೂಡಂಗಿಲ್ಲ, ಹೊಸಾ ಕ್ಲಚ್ಚೂ ಬಾಳಂಗಿಲ್ಲ.

ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಹಾಕೋವಾಗ ತುಟಿಗೆ ಎಣ್ಣಿ ಸವರಬ್ಯಾಡ್ರಿ, ಪಿಟಿಎಫ್‌ಇ (ಟೆಫ್ಲಾನ್) ಸೀಲ್ ಒಣಾನ ಹೋಗ್ಬೇಕು, ಜೋಡಿಗೆ ಬಂದ ಪ್ಲಾಸ್ಟಿಕ್ ಗೈಡ್ ಮ್ಯಾಲಿಂದನ ಸರಸ್ರಿ. ಸಿಂಗಲ್ ಮಾಸ್ ಫ್ಲೈವೀಲಿನ ಹೊಸಾ ಬೋಲ್ಟ್ ಎದರುಬದರು ಬಿಗಿ ಮಾಡ್ಕೋತ 60 ನ್ಯೂಟನ್ ಮೀಟರಿಗೆ ತಂದು, ಆಮ್ಯಾಲ ಇನ್ನೂ 90 ಡಿಗ್ರಿ ತಿರುವ್ರಿ. ಈ ಬೋಲ್ಟ್ ಎಳದು ಉದ್ದ ಆಗೋವಂಥವು, ಹಳೇವು ಎರಡನೇ ಸಲ ಹಾಕಿದ್ರ ಬರೋಬರ್ ಹಿಡಿಯಂಗಿಲ್ಲ. ಕೈಯಾಗಿನ ಎಣ್ಣಿ ಒರಿಸ್ಕೊಂಡು, ಫ್ಲೈವೀಲು ಪ್ರೆಶರ್ ಪ್ಲೇಟು ಎರಡರ ಮುಖಾನೂ ಬ್ರೇಕ್ ಕ್ಲೀನರಿಲೆ ಒರಸ್ರಿ, ಹೊಸಾ ಸಾಮಾನಿಗೂ ತುಕ್ಕ ಹಿಡೀಬಾರ್ದಂತ ಎಣ್ಣಿ ಸವರಿರ್ತಾರ. ಪ್ಲೇಟ್ ಯಾವ ಮುಖ ಯಾವ ಕಡೆ ಅನ್ನೋದು ಅದರ ಮ್ಯಾಲನ ಬರದಿರ್ತೈತಿ, ಜರ್ಮನ್ ಪ್ಲೇಟ್ ಇದ್ರ "ಗೆಟ್ರೀಬೆಝೈಟೆ" (Getriebeseite) ಅಂತ ಕೆತ್ತಿರ್ತಾರ, ಗೇರ್‌ಬಾಕ್ಸ್ ಕಡೆ ಅಂತ ಅರ್ಥ, ಆ ಮುಖ ನಿಮ್ಮ ಕಡೆ ಕಾಣ್ಬೇಕು. ಶಾಫ್ಟಿನ ಹಲ್ಲಿಗೆ ಗ್ರೀಸ್ ಕಂಡೂ ಕಾಣದಂಗ ಹಚ್ಚಿ, ಪ್ಲೇಟ್ ಎರಡ ಸಲ ಸರಿಸಿ ತಗದು, ಹೊರಗ ಬಂದದ್ದನ್ನ ಒರಸ್ರಿ, ಹೆಚ್ಚಾದ್ರ ಅದ ಗ್ರೀಸ್ ತಿರುಗಿ ಲೈನಿಂಗಿಗೆ ಹಾರ್ತೈತಿ. ಅಲೈನ್‌ಮೆಂಟ್ ಟೂಲ್ ತೂರಿಸಿ ಪ್ಲೇಟ್ ನಡುವಕ್ಕ ಹಿಡಿದು, ಪ್ರೆಶರ್ ಪ್ಲೇಟಿನ ಬೋಲ್ಟ್ ಒಂದೊಂದಕ್ಕ ಅರ್ಧ ಅರ್ಧ ಸುತ್ತು ಎದರುಬದರು ಬಿಗಿ ಮಾಡ್ರಿ, ಒಂದನ್ನ ಪೂರ್ತಿ ಬಿಗದು ಇನ್ನೊಂದಕ್ಕ ಹೋದ್ರ ಕವರ್ ಸೊಟ್ಟಾಗ್ತೈತಿ.

ಗೇರ್‌ಬಾಕ್ಸ್ ವಾಪಸ್ ಏರಿಸೋವಾಗ ಕಡೀ ಎರಡ ಇಂಚು ಹೋಗವಲ್ದು ಅಂದ್ರ ಬೋಲ್ಟ್ ಹಾಕಿ ಎಳೀಬ್ಯಾಡ್ರಿ. ಹಬ್ ಮುರೀತೈತಿ ಇಲ್ಲಾ ಬಾಕ್ಸಿನ ಕಿವಿ ಸೀಳತೈತಿ. ಒಬ್ಬಾವ ಗೇರಿನ್ಯಾಗ ಹಾಕಿ ಡ್ರೈವ್ ಫ್ಲ್ಯಾಂಜ್ (ಡ್ರೈವ್ ಶಾಫ್ಟ್ ಕೂಡೋ ಬಾಕ್ಸಿನ ತಟ್ಟಿ) ಸಾವಕಾಶ ತಿರುವಬೇಕು, ಇನ್ನೊಬ್ಬಾವ ಬಾಕ್ಸ್ ಅಲುಗಾಡಿಸ್ಬೇಕು, ಹಲ್ಲಿಗೆ ಹಲ್ಲು ಕೂಡಿದ ಕೂಡ್ಲೇ ತಾನ ಒಳಗ ಹೋಗ್ತೈತಿ, ಆ ಧಪ್ ಅನ್ನೋ ಸಪ್ಪಳ ಕೇಳಿದ್ರ ಅವತ್ತಿನ ದಣಿವೆಲ್ಲಾ ಇಳೀತೈತಿ. ಮುಂದ ಎಲ್ಲಾ ಉಲ್ಟಾ ಕ್ರಮದಾಗ ಜೋಡಿಸೋದು, ಗೇರ್ ಎಣ್ಣಿ ಹಾಕೋದು ಮರೀಬ್ಯಾಡ್ರಿ.

ಕ್ಲಚ್ಚಿನ ಎಣ್ಣಿ ಬ್ರೇಕಿನ ಡಬ್ಬಿಯಿಂದನ ಬರ್ತೈತಿ, ಕ್ಲಚ್ ಪೈಪು ಡಬ್ಬಿಯ ಪಕ್ಕದಾಗ ಸ್ವಲ್ಪ ಮ್ಯಾಲ ಐತಿ, ಬ್ಲೀಡಿಂಗ್ (ಲೈನಿನ್ಯಾಗಿನ ಗಾಳಿ ತಗಿಯೂದು) ಮಾಡೋವಾಗ ಲೆವೆಲ್ ಅಲ್ಲಿಗಿಂತ ಕೆಳಗ ಹೋದ್ರ ಗಾಳಿ ಹೊಕ್ಕು ಮತ್ತ ಮೊದಲಿಂದ ಸುರು ಮಾಡ್ಬೇಕು. ಪೆಡಲ್ ಒತ್ತಿದ್ದು ಮ್ಯಾಲ ಬರದಿದ್ರ ಕೈಲೆ ಎಬ್ಬಸ್ರಿ, ಗುಳ್ಳಿ ನಿಲ್ಲೂತನಕ ಮಾಡ್ರಿ. ಬಾನೆಟ್ ಬಣ್ಣದ ಮ್ಯಾಲ ಎಣ್ಣಿ ಬಿದ್ರ ಕೂಡ್ಲೇ ನೀರಿಲೆ ತೊಳೀರಿ, ಬಣ್ಣಾ ತಿಂತೈತಿ.

ಹೊಸಾ ಕ್ಲಚ್ಚಿಗೆ ಮೊದಲ 800 ಕಿಲೋಮೀಟರ್ ಪಳಗಿಸೋ ಕಾಲ. ಹೈವೇ ಮ್ಯಾಲ ಕೊಲ್ಹಾಪುರಕ್ಕ ಹೋಗಿ ಬಂದು 200 ಕಿಲೋಮೀಟರ್ ಆತು ಅಂತ ಲೆಕ್ಕ ಹಿಡಿಯೋವ್ರು ಇದ್ದಾರ, ಆದ್ರ ಅಲ್ಲಿ ಐದನೇ ಗೇರಿನ್ಯಾಗ ಕುಂತ್ರ ಕ್ಲಚ್ ಕೆಲಸಾನ ಮಾಡಿಲ್ಲ, ಪ್ಲೇಟ್ ಪಳಗೋದು ಒತ್ತಿ ಬಿಟ್ಟಾಗ. ಶಹಾಪುರ, ಖಡೇಬಜಾರ್, ಕ್ಯಾಂಪು ಹಿಂಗ ಊರಾಗ ಓಡಿಸಿದ ಕಿಲೋಮೀಟರ್ ಲೆಕ್ಕಕ್ಕ ಹಿಡೀರಿ. ಆ ಹೊತ್ತಿನ್ಯಾಗ ಪೂರ್ತಿ ಆಕ್ಸಿಲರೇಟರ್ ಬ್ಯಾಡ, ರೀಮ್ಯಾಪ್ ಇದ್ರ ಸ್ಟಾಕ್ ಫೈಲಿಗೆ (ಕಂಪನಿ ಸೆಟ್ಟಿಂಗಿಗೆ) ವಾಪಸ್ ಹಾಕ್ಸಾಕ ಬಂದ್ರ ಇನ್ನೂ ಚಲೋ. ಮೊದಲ ಎರಡ ಮೂರ ದಿನ ಸಣ್ಣ ವಾಸನಿ ಬಂದ್ರ ಅಂಜಬ್ಯಾಡ್ರಿ.

ಕಬ್ಬಿನ ಹಂಗಾಮಿನ್ಯಾಗ ಗೋಕಾಕ, ಮುಧೋಳ, ಜಮಖಂಡಿ ಕಡೆ ಓಡಾಡೋವ್ರಿಗೆ ಒಂದ ಮಾತು. ಮುಂದ ಎರಡ ಟ್ರಾಲಿ ಕಟ್ಟಿದ ಟ್ರ್ಯಾಕ್ಟರ್ ಹೊಂಟಿದ್ರ ಅದರ ಬಾಲ ಹಿಡದು ಅರ್ಧ ಕ್ಲಚ್‌ನ್ಯಾಗ ತೆವಳಬ್ಯಾಡ್ರಿ. ಎರಡ ಗಾಡಿ ಜಾಗಾ ಬಿಟ್ಟು ನಿಲ್ಲಸ್ರಿ, ಅದು ಮುಂದ ಹೋಗ್ಲಿ, ಆಮ್ಯಾಲ ಒಂದನೇ ಗೇರಿನ್ಯಾಗ ಪೂರ್ತಿ ಕ್ಲಚ್ ಬಿಟ್ಟು ಆ ಜಾಗಾ ಒಮ್ಮೆ ದಾಟ್ರಿ. ಹಿಂದಿನವ ಹಾರ್ನ್ ಹೊಡೀಲಿ. ಏರಿನ್ಯಾಗ ನಿಂತಾಗ ಹ್ಯಾಂಡ್ ಬ್ರೇಕ್ ಎಳೀರಿ, ಕ್ಲಚ್ಚಿನ ಮ್ಯಾಲ ಗಾಡಿ ಹಿಡದು ನಿಲ್ಲಸಬ್ಯಾಡ್ರಿ.

800 ಆದಮ್ಯಾಲ ಮತ್ತ ಒಂದ ಸಲ ಗಾಡಿ ಎತ್ತಿ ಡ್ರೈವ್ ಶಾಫ್ಟಿನ ಬೋಲ್ಟು, ಮೌಂಟಿನ ಬೋಲ್ಟು ಟಾರ್ಕ್ ರೆಂಚಿಲೆ ನೋಡ್ರಿ, ಸ್ಲೇವ್ ಸಿಲಿಂಡರಿನ ರಬ್ಬರ್ ಎತ್ತಿ ಒಳಗ ಒದ್ದಿ ಐತೇನು ನೋಡ್ರಿ. ಎಲ್ಲಾ ಒಣಾ ಇದ್ರ ಸಂಜೀಮುಂದ ವಂಟಮುರಿಗೆ ಹೋಗಿ, ನಾಲ್ಕನೇ ಗೇರು, 2000 ಆರ್‌ಪಿಎಂ, ಪೂರ್ತಿ ಒತ್ರಿ. ನಂ ಗಾಡಿ ಆವತ್ತ ಮುಳ್ಳೂ ಸ್ಪೀಡೂ ಜೋಡೀಲೆ ಏರಿಸ್ಕೋತ ಘಾಟ್ ಹತ್ತಿತು, ಹಿಂದಿನ ಸೀಟಿನ್ಯಾಗ ಅವ್ವ ನಿದ್ದಿ ಹೊಡ್ಯಾಕ ಹತ್ತಿದ್ಳು.